ಚೀಲದ ಕೋಣೆಯ ನೆಲ

“ಕೂತು ಮಾತಾಡಿದ್ದಕ್ಕೆ ಯಾರಾದರೂ ದುಡ್ಡು ಕೊಡ್ತಾರಾ?”

ವಾರಿಜಾಕ್ಷಿ ಮೇಡಂ ಹೀಗೆ ಕೇಳಿದ್ದು ನನ್ನನ್ನಲ್ಲ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಗಾರೆ ಮೆತ್ತುತ್ತಿದ್ದೆ ನಿಜ, ಆದರೆ ಅವರ ಕಣ್ಣು ಯಾರೋ ಮೇಜಿನ ಮೇಲೆ ಸುರಿದಿಟ್ಟು ಹೋದ ಮಾತ್ರೆಗಳ ರಾಶಿಯ ಮೇಲಿತ್ತು. ಮಾತ್ರೆಗಳು ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ನನಗೆ ಚಿಕ್ಕಂದಿನಿಂದ ಕೇಳಿಸಿಕೊಂಡೇ ಅಭ್ಯಾಸ. ಎಲ್ಲೇ ಕಾವ್ಯವಾಚನ ನಡೆಯಲಿ, ನಮ್ಮ ತಾತ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಡುತ್ತಿದ್ದರು. ಪದ್ಯ ನಡೆಯುವಾಗ ಕೆಮ್ಮಿದರೂ ತೊಡೆ ಚಿವುಟುತ್ತಿದ್ದರು. ಆ ಚಿವುಟಿನ ಪುಣ್ಯವೋ ಏನೋ, ಇವತ್ತಿಗೂ ಎದುರಿಗಿದ್ದವರು ಬಾಯಿ ತೆರೆದರೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ನನ್ನ ಹೆಸರು ಓಬಳಯ್ಯ. ನಮ್ಮೂರ ಧರ್ಮಾಸ್ಪತ್ರೆಯಲ್ಲಿ ನಾನು ಮೆಟ್ಟಿಲಿನವನು. ಬೇರೆ ಊರಿನ ಆಸ್ಪತ್ರೆಗಳಲ್ಲಿ ಈ ಹುದ್ದೆಯೇ ಇಲ್ಲವಂತೆ. ಅಲ್ಲಿ ನೆಲವನ್ನು ಒಂದು ಸಲ ಹಾಕಿದರೆ ಅದು ಹಾಕಿದಲ್ಲೇ ಬಿದ್ದಿರುತ್ತದಂತೆ. ನಮ್ಮಲ್ಲಿ ಹಾಗಲ್ಲ. ಕೋಣೆಗೆ ವರಮಾನ ಬಂದರೆ ನೆಲ ಏಳುತ್ತದೆ, ಬರೀ ಖರ್ಚಾದರೆ ಇಳಿಯುತ್ತದೆ. ಅಂಗಡಿ, ಮನೆ, ಮಠ, ಎಲ್ಲಕ್ಕೂ ಇದೇ. ಅದಕ್ಕೇ ನಮ್ಮೂರಿನವರು ದಾರಿಯಲ್ಲಿ ಸಿಕ್ಕಾಗ ‘ಹೇಗಿದ್ದೀರಿ’ ಎಂದು ಕೇಳುವುದಿಲ್ಲ. ಮನೆಯ ಹೊಸ್ತಿಲು ನೋಡಿಯೇ ಬಂದಿರುತ್ತಾರೆ. ಏರಿದ ಕೋಣೆಗೆ ಮೇಲಕ್ಕೆ ಮೆಟ್ಟಿಲು ಕಟ್ಟುವುದು, ಇಳಿದ ಕೋಣೆಗೆ ಕೆಳಕ್ಕೆ ಕಟ್ಟುವುದು, ಇಷ್ಟೇ ನನ್ನ ಕೆಲಸ. ಕರಣೆ ಒಂದು, ಮಟ್ಟಗೋಲು ಒಂದು, ಬಾಯಲ್ಲಿ ಯಾವುದಾದರೂ ಹಳೆಯ ಪದ್ಯ.

ನಮ್ಮ ಆಸ್ಪತ್ರೆಯಲ್ಲಿ ರಾತ್ರಿ ಯಾರೂ ತಂಗುವಂತಿಲ್ಲ. ಬಂದು, ತೋರಿಸಿಕೊಂಡು, ಚೀಟಿ ಬರೆಸಿಕೊಂಡು ಹೋಗುವವರಿಗಾಗಿಯೇ ಇರುವುದು ಅದು. ಎಲ್ಲಕ್ಕಿಂತ ಎತ್ತರದಲ್ಲಿದ್ದದ್ದು ಹೃದಯದ ಡಾಕ್ಟರು ತ್ರಿಯಂಬಕರ ಕೋಣೆ. ಅದರ ನೆಲ ಏಳುತ್ತ ಏಳುತ್ತ ಡಾಕ್ಟರ ತಲೆ ಫ್ಯಾನಿಗೆ ತಾಗುವಂತಾಗಿ, ಮೊದಲು ಫ್ಯಾನು ಬಿಚ್ಚಿದರು, ಆಮೇಲೆ ಛಾವಣಿಯನ್ನೇ ಬಿಚ್ಚಿ ಮೇಲೆ ಕಟ್ಟಿಸಿದರು. ಎದೆನೋವು ಎಂದು ಬಂದವರು ಅಷ್ಟು ಮೆಟ್ಟಿಲು ಹತ್ತಿ ಒಳಗೆ ಹೋಗುವಷ್ಟರಲ್ಲಿ ಎದೆ ನಗಾರಿ ಹೊಡೆಯುತ್ತಿರುತ್ತಿತ್ತು. ಡಾಕ್ಟರು ಕೊಳವೆ ಇಟ್ಟು ಕೇಳಿ, “ಬಡಿತ ಬಹಳ ಇದೆ” ಎಂದು ತಲೆ ಅಲ್ಲಾಡಿಸಿ ಇನ್ನೊಂದು ಮಾತ್ರೆ ಸೇರಿಸುತ್ತಿದ್ದರು. ಮಾರನೆಯ ದಿನ ನಾನು ಇನ್ನೊಂದು ಮೆಟ್ಟಿಲು ಸೇರಿಸುತ್ತಿದ್ದೆ.

ಎಲ್ಲಕ್ಕಿಂತ ಕೆಳಗಿದ್ದದ್ದು ಮೇಡಂ ಕೋಣೆ. ವಾರಿಜಾಕ್ಷಿ ಮೇಡಂ ಮೊದಲು ಔಷಧಿ ಕೌಂಟರಿನಲ್ಲಿದ್ದರು, ಕೈ ಮಾತ್ರ ತೂರುವ ಕಿಂಡಿಯ ಹಿಂದೆ. ಚೀಟಿ ಒಳಗೆ ಬರುತ್ತಿತ್ತು, ಮಾತ್ರೆ ಹೊರಗೆ ಹೋಗುತ್ತಿತ್ತು. ಆ ಕೈ ಯಾರದ್ದು, ಮುಖ ಹೇಗಿದೆ, ಒಯ್ದದ್ದನ್ನು ಮನೆಯಲ್ಲಿ ಏನು ಮಾಡುತ್ತಾರೆ, ಒಂದೂ ತಿಳಿಯುತ್ತಿರಲಿಲ್ಲ. ತಿಳಿಯಬೇಕು ಎಂದು ಹಠ ಹಿಡಿದು, ಮುರಿದ ಮಂಚಗಳನ್ನು ತುಂಬಿದ್ದ ಒಂದು ಕೋಣೆಯನ್ನು ಕೇಳಿ ಪಡೆದರು. “ನೀವು ನುಂಗೋದನ್ನೆಲ್ಲ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ, ಕೂತು ನೋಡೋಣ” ಎಂದು ಬಂದವರಿಗೆಲ್ಲ ಹೇಳಿದರು. ಬಾಗಿಲ ಮೇಲೆ ‘ಔಷಧ ಸಮಾಲೋಚನಾ ವಿಭಾಗ’ ಎಂದು ಬಣ್ಣದಲ್ಲಿ ಬರೆಸಿದ್ದರು. ಜನ ಅದನ್ನು ಚೀಲದ ಕೋಣೆ ಎಂದರು. ಜನ ಬಂದರು, ಚೀಲ ಸುರಿದರು, ಮಾತಾಡಿದರು, ಹೋದರು. ನೆಲ ಇಳಿಯಿತು. ಒಂದು ಪಕ್ಕ ಜಗಲಿಗೆ ಪೂರ್ತಿ ತೆರೆದ ಕೋಣೆ ಅದು. ಜಗಲಿಯಿಂದ ಕೆಳಕ್ಕೆ ನಾನು ಕಟ್ಟಿದ ಅಗಲ ಮೆಟ್ಟಿಲುಗಳಿಂದಾಗಿ, ಕೊನೆಕೊನೆಗೆ ನೋಡಿದವರಿಗೆ ಅದು ನೀರಿಲ್ಲದ ಕಲ್ಯಾಣಿಯಂತೆ ಕಾಣುತ್ತಿತ್ತು.

ಆ ಚೀಲಗಳಲ್ಲಿ ಏನಿರುತ್ತಿತ್ತು ಎಂಬುದಕ್ಕೆ ಪುಟ್ಟಗೌರಮ್ಮಜ್ಜಿಯ ಮಾತು ಹೇಳಿದರೆ ಸಾಕು. ಆಕೆ ಹೂ ಕಟ್ಟಿ ಮಾರುವವಳು. ತಲೆಸುತ್ತು ಎಂದು ಬಂದು, ಡಾಕ್ಟರ ಮೆಟ್ಟಿಲು ಹತ್ತಲಾರದೆ, ಇಳಿಯುವುದಾದರೂ ಸುಲಭ ಎಂದು ಚೀಲದ ಕೋಣೆಗೆ ಇಳಿದಿದ್ದಳು. ಮೇಡಂ ಆಕೆಯ ಚೀಲದಿಂದ ಮೂರು ಶೀಟು ಮಾತ್ರೆ ಎತ್ತಿ ಒಂದರ ಪಕ್ಕ ಒಂದು ಇಟ್ಟರು.

“ಇದೇನಜ್ಜಿ, ಈ ಮೂರನ್ನೂ ತಗೋತಿದೀರಾ?”

“ಹೂಂ ಕಣವ್ವ. ಬೆಳಿಗ್ಗೆ ಕಾರ್ಡಿರಾಮ್, ಮಧ್ಯಾಹ್ನ ಟೆನ್ಸಿಹರ, ರಾತ್ರಿ ಪ್ರೆಸ್ಸೋಶಾಂತ್. ತ್ರಿಕಾಲ ಪೂಜೆ ಇದ್ದಂಗೆ.”

“ಮೂರೂ ಒಂದೇ ಮಾತ್ರೆ ಅಜ್ಜಿ. ಕಂಪನಿ ಬೇರೆ, ಹೆಸರು ಬೇರೆ. ಮೂರು ಕಡೆ ತೋರಿಸಿದೀರ, ಮೂರು ಹೆಸರಲ್ಲಿ ಬರೆದಿದ್ದಾರೆ. ಅದಕ್ಕೇ ಎದ್ದು ನಿಂತ್ರೆ ತಲೆ ಸುತ್ತೋದು.”

“ಒಂದೇ ಅಂತ ಆ ಕೌಂಟರ್ ಹುಡುಗ್ರೂ ಅಂದ್ರು ಬಿಡವ್ವ.”

“ಗೊತ್ತಿದ್ದೂ ನುಂಗ್ತಿದೀರಾ?”

“ದೇವರೂ ಒಬ್ಬನೇ ಅಲ್ವಾ? ಸಾವಿರ ಹೆಸರು ಹೇಳ್ಕೊಂಡು ಹೂವು ಹಾಕಲ್ವಾ? ಒಂದು ಹೆಸರಿಗೆ ಹಾಕಿ ಇನ್ನೊಂದನ್ನ ಬಿಟ್ರೆ, ಬಿಟ್ಟ ಹೆಸರು ಸುಮ್ನೆ ಬಿಡುತ್ತಾ?”

ಇದು ನಮ್ಮೂರಿನವರೇ ಮಾಡಬಹುದಾದ ತಪ್ಪು. ಊರಿಗೆ ಊರೇ ಹೀಗೆ ನುಂಗುತ್ತಿತ್ತು. ಬರೆದುಕೊಟ್ಟ ಹೆಸರನ್ನು ಕೈಬಿಟ್ಟರೆ ಕೇಡು ಎಂದು ಹಳೆಯದನ್ನೂ ಬಿಡದೆ, ಹೊಸದನ್ನೂ ಬಿಡದೆ, ಪಕ್ಕದ ಮನೆಯವರ ಮಾತ್ರೆಗೂ ಒಂದು ನಮಸ್ಕಾರ ಹಾಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮೇಡಂ ಅಜ್ಜಿಯ ಕೈ ಹಿಡಿದು, “ಹೂವು ದೇವರ ಪಾದಕ್ಕೆ ಹೋಗುತ್ತೆ, ಇದು ನಿಮ್ಮ ಹೊಟ್ಟೆಗೆ ಹೋಗುತ್ತೆ. ಒಂದು ಸಾಕು, ಉಳಿದದ್ದು ಬೇಡ” ಎಂದರು. ಅಜ್ಜಿ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ನೀನು ದೇವರಿಗೆ ಕೈ ಮುಗಿಯೋದುಂಟೇನವ್ವ?” ಎಂದು ಕೇಳಿದಳು. ಆದರೂ ಅರ್ಧ ಮನಸ್ಸಿನಲ್ಲೇ ಎರಡನ್ನು ಬಿಟ್ಟಳು. ತಲೆಸುತ್ತು ನಿಂತಿತು. ಸ್ವಲ್ಪ ದಿನಕ್ಕೆ ಹೊಸ್ತಿಲು ಏರಿದೆ, ಮೆಟ್ಟಿಲು ಬೇಕು ಎಂದು ನನ್ನನ್ನೇ ಕರೆಸಿದಳು. ಮಾತ್ರೆಗೆ ಸುರಿಯುತ್ತಿದ್ದದ್ದು ಮನೆಯಲ್ಲೇ ಉಳಿದು ನೆಲವನ್ನು ಎತ್ತಿತ್ತು. ಅಜ್ಜಿ ಗೋಡೆಯ ಮೇಲಿನ ದೇವರ ಪಟ ತೋರಿಸಿ, “ಎಲ್ಲಾ ನಮ್ಮಪ್ಪನ ದಯೆ” ಎಂದಳು. ನಾನೂ ಕೈ ಮುಗಿದೆ. ದಯೆ ಅವನದೇ, ಸಂಶಯವಿಲ್ಲ. ಆದರೆ ಅವನು ಚೀಲದ ಕೋಣೆಯ ಮೂಲಕ ಬಂದಿರಬೇಕು ಎಂದುಕೊಂಡೆ.

ಹೀಗೆ ಊರಿನ ಹೊಸ್ತಿಲುಗಳು ಏಳುತ್ತಿದ್ದಂತೆ ಆಸ್ಪತ್ರೆಯ ಕೌಂಟರು ಇಳಿಯತೊಡಗಿತು. ಒಂದು ದಿನ ಆಸ್ಪತ್ರೆಯ ಟ್ರಸ್ಟಿನ ಅಧ್ಯಕ್ಷ ಗುರುಮಲ್ಲಪ್ಪನವರು ಬಂದರು. ಅವರು ಅಕ್ಕಿ ಗಿರಣಿಯ ಯಜಮಾನರು, ಧರ್ಮ ಎಂದರೆ ಪ್ರಾಣ; ಅದರಲ್ಲೂ ಕಲ್ಲಿನ ಮೇಲೆ ಹೆಸರು ಕೆತ್ತಿಸಿದ ಧರ್ಮ. ಜೊತೆಗೆ ಅಭಿನಂದನ್ ಎಂಬ ಸಲಹೆಗಾರರನ್ನು ಕರೆತಂದಿದ್ದರು. ಇಬ್ಬರೂ ಜಗಲಿಯ ಅಂಚಿನಲ್ಲಿ ನಿಂತು, ಬಾವಿಗೆ ಬಿದ್ದ ಕೊಡವನ್ನು ನೋಡುವವರ ಹಾಗೆ ಕೆಳಗೆ ಬಾಗಿದರು.

“ಮೇಡಂ, ಕೇಳಿಸ್ತಿದೆಯಾ?” ಎಂದರು ಅಧ್ಯಕ್ಷರು.

“ಕೇಳಿಸ್ತಿದೆ ಸರ್. ಇಳಿದು ಬನ್ನಿ, ಕುರ್ಚಿ ಇದೆ.”

“ಬೇಡ ಬೇಡ, ಇಲ್ಲೇ ಗಾಳಿ ಚೆನ್ನಾಗಿದೆ. ನಿಮ್ಮ ಸೇವೆ ಬಗ್ಗೆ ಟ್ರಸ್ಟಿಗೆ ಅಪಾರವಾದ ಗೌರವ ಇದೆ ಮೇಡಂ.”

“ಗೌರವಕ್ಕೆ ನೆಲ ಏಳೋ ಹಾಗಿದ್ರೆ ಇಷ್ಟು ಹೊತ್ತಿಗೆ ನನ್ನ ತಲೆ ತೊಲೆಗೆ ಹೊಡೀತಿತ್ತು ಸರ್.”

ಸಲಹೆಗಾರರು ನಕ್ಕರು. ಅಧ್ಯಕ್ಷರು ನಗದೆ ಇದ್ದದ್ದು ನೋಡಿ ನಿಲ್ಲಿಸಿದರು. “ಯಾವುದೇ ಸೇವೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಮೇಡಂ” ಎಂದರು.

“ಬರೆಯೋ ಕೋಣೆಗೆ ಬರೆದಷ್ಟೂ ಸಿಗುತ್ತೆ, ಮಾರೋ ಕೋಣೆಗೆ ಮಾರಿದಷ್ಟೂ ಸಿಗುತ್ತೆ. ನಾನು ತಪ್ಪಿಸಿದ್ದಕ್ಕೆ ಏನು ಸಿಗುತ್ತೆ ಸರ್? ಊರಲ್ಲಿ ಹೊಸ್ತಿಲು ಏಳ್ತಾ ಇರೋದನ್ನ ನೋಡ್ಕೊಂಡು ಬನ್ನಿ.”

“ನೋಡ್ದೆ. ಅದು ಉಳಿತಾಯ. ಉಳಿತಾಯ ಯಾರ ಮನೇಲಾಯ್ತೋ ಆ ಮನೆ ಏಳುತ್ತೆ. ನಮ್ಮ ನೆಲಕ್ಕೇನು ಬಂತು?” ಎಂದರು ಸಲಹೆಗಾರರು.

ಆಮೇಲೆ ಅಧ್ಯಕ್ಷರು ತೀರ್ಪು ಕೊಟ್ಟರು. ವಾರ್ಷಿಕ ಸಭೆಯ ಹೊತ್ತಿಗೆ ಕೋಣೆಯ ನೆಲ ಜಗಲಿಯ ಮಟ್ಟಕ್ಕೆ ಬರಬೇಕು. ಇಲ್ಲದಿದ್ದರೆ ಮಣ್ಣು ತುಂಬಿ ಮುಚ್ಚಿಸುವುದು, ಮೇಡಂ ಮತ್ತೆ ಕಿಂಡಿಯ ಹಿಂದಕ್ಕೆ. ಹೋಗುವಾಗ ನನ್ನ ಬೆನ್ನು ತಟ್ಟಿ, “ಓಬಳಯ್ಯ, ಮಣ್ಣಿನವನಿಗೆ ಒಂದು ಮಾತು ಹೇಳಿಡಪ್ಪ” ಎಂದರು. ಕೆಳಗೆ ಮೇಡಂ ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತ ನಿಂತಿದ್ದರು, ಆಗಲೇ ಅದು ಕಿಂಡಿಯಲ್ಲಿ ತೂರಿಕೊಂಡಿದೆಯೋ ಎನ್ನುವ ಹಾಗೆ.

ಸಲಹೆಗಾರರ ಮೊದಲ ಸಲಹೆ ಫೀಸು. ಮೊದಲ ಮೆಟ್ಟಿಲಲ್ಲೇ ಒಂದು ಪೆಟ್ಟಿಗೆ ಇಡಿಸಿದರು. ಜನ ಬಂದರು, ಪೆಟ್ಟಿಗೆ ನೋಡಿದರು, ಬಿಟ್ಟ ಚಪ್ಪಲಿ ಹುಡುಕುವ ನೆಪದಲ್ಲಿ ಅಲ್ಲೇ ಸುತ್ತಾಡಿ ತಿರುಗಿ ಹೋದರು. ಪುಟ್ಟಗೌರಮ್ಮಜ್ಜಿ ಒಬ್ಬಳೇ ಬಾಯಿಬಿಟ್ಟು ಕೇಳಿದಳು: “ಅಲ್ಲ ಕಣವ್ವ, ಡಾಕ್ಟ್ರು ಮೂರು ಕೊಟ್ರು, ದುಡ್ಡು ಇಸ್ಕೊಂಡ್ರು. ನ್ಯಾಯ. ನೀನು ಎರಡು ಕಿತ್ಕೊಂಡೆ. ನಿಂಗೂ ನಾನೇ ದುಡ್ಡು ಕೊಡ್ಬೇಕಾ?” ಮೇಡಂ ಉತ್ತರ ಹುಡುಕುತ್ತಿರುವಾಗಲೇ ಅವರ ಕುರ್ಚಿ ಒಂದು ಬೆರಳು ಕೆಳಕ್ಕಿಳಿಯಿತು.

ಎರಡನೆಯ ಸಲಹೆ ಟಾನಿಕ್ಕು. ಅಧ್ಯಕ್ಷರ ಭಾವಮೈದುನರು ‘ಪುಷ್ಟಿರಸ’ ಎಂಬ ಕೆಂಪು ನೀರನ್ನು ಬಾಟಲಿಗೆ ತುಂಬಿಸುತ್ತಿದ್ದರು. ಚೀಲ ನೋಡಿಸಿಕೊಂಡವರಿಗೆಲ್ಲ ಹೋಗುವಾಗ ಒಂದು ಬಾಟಲಿ ಎಂದು ತೀರ್ಮಾನವಾಯಿತು.

“ಸರ್, ಇದರಲ್ಲಿರೋದು ಸಕ್ಕರೆ ಪಾಕ, ಬಣ್ಣ. ಇಲ್ಲಿಗೆ ಬರೋರಲ್ಲಿ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ” ಎಂದರು ಮೇಡಂ.

“ಇನ್ನರ್ಧ ಜನ ಇದ್ದಾರಲ್ಲ” ಎಂದರು ಸಲಹೆಗಾರರು.

ಕಿಂಡಿಯ ಭಯ ದೊಡ್ಡದು. ಸಕ್ಕರೆ ಕಾಯಿಲೆ ಇಲ್ಲದವರಿಗೆ ಮಾತ್ರ ಎಂದು ಮೇಡಂ ಒಪ್ಪಿದರು. ಎರಡು ಮಾತ್ರೆ ಕಿತ್ತುಕೊಂಡ ಮೇಲೆ ಒಂದು ಬಾಟಲಿ ಸಿಕ್ಕಿದ್ದರಿಂದ ಜನರಿಗೂ ನ್ಯಾಯ ಸಿಕ್ಕಂತಾಯಿತು. ನೆಲ ಏಳತೊಡಗಿತು, ಅದೂ ಎಂಥ ಏಳಿಕೆ! ಬೆಳಿಗ್ಗೆ ಕಟ್ಟಿದ ಮೆಟ್ಟಿಲನ್ನು ಸಂಜೆಗೆ ಒಡೆಯಬೇಕಾಗುತ್ತಿತ್ತು. ಸಲಹೆಗಾರರು ದಿನವೂ ಬಂದು ಅಂಚಿನಲ್ಲಿ ನಿಂತು, ಬಾಣಂತಿ ಮಗುವನ್ನು ನೋಡುವ ಹಾಗೆ ನೆಲವನ್ನು ನೋಡಿ ಹೋಗುತ್ತಿದ್ದರು. ಮೇಡಂ ಮಾತ್ರ ಬಾಟಲಿ ಕೊಡುವಾಗ ಗೋಡೆಯ ಕಡೆ ನೋಡುತ್ತಿದ್ದರು.

ಒಂದು ದಿನ ಪುಟ್ಟಗೌರಮ್ಮಜ್ಜಿ ಮತ್ತೆ ಬಂದಳು. ನಾಲಿಗೆ ಒಣಗುತ್ತದೆ, ಕಾಲು ಉರಿ, ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ. ಚೀಲ ಸುರಿದಳು. ಪುಷ್ಟಿರಸದ ಖಾಲಿ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತ ಹೊರಬಿದ್ದವು.

“ಇಷ್ಟೊಂದು ಎಲ್ಲಿಂದ ಅಜ್ಜಿ? ನಿಮಗೆ ಸಕ್ಕರೆ ಇದೆ ಅಂತ ನಾನು ಕೊಟ್ಟೇ ಇರಲಿಲ್ವಲ್ಲ!”

“ಅಕ್ಕಪಕ್ಕದೋರಿಗೆಲ್ಲ ಕೊಟ್ಟು ನಂಗೆ ಕೊಡ್ಲಿಲ್ಲ ನೀನು. ಬೇಜಾರಾಯ್ತು. ಅವರಿವರ ಮನೇದು ಕೇಳಿ ಇಸ್ಕೊಂಡೆ. ನೀನು ಕೊಡೋ ಮದ್ದು ಅಂದ್ಮೇಲೆ ತಪ್ಪಿಸ್ಬಾರ್ದು ಅಂತ ಒಂದು ಮುಚ್ಚಳ ಜಾಸ್ತೀನೇ ಕುಡಿದೆ.”

ಮೇಡಂ ಅಜ್ಜಿಯನ್ನು ಕೂರಿಸಿ, ಸಕ್ಕರೆ ಪರೀಕ್ಷೆ ಮಾಡಿಸಿ, ತಾವೇ ರಿಕ್ಷಾ ಹತ್ತಿಸಿ ಬಂದರು. ಬಂದವರು ಮೂಲೆಯಲ್ಲಿ ಜೋಡಿಸಿದ್ದ ಬಾಟಲಿಗಳನ್ನೆಲ್ಲ ಒಂದೊಂದಾಗಿ ಚರಂಡಿಗೆ ಸುರಿದರು. ಊರಿನ ಇರುವೆಗಳೆಲ್ಲ ಅಲ್ಲಿ ಜಾತ್ರೆ ನೆರೆದವು. ನೆಲ ಒಂದು ನಿಟ್ಟುಸಿರು ಬಿಟ್ಟು, ಮೊದಲಿದ್ದದ್ದಕ್ಕಿಂತ ಆಳಕ್ಕೆ ಹೋಯಿತು. ನಾನು ಮತ್ತೆ ಗಾರೆ ಕಲಸಿದೆ. ವಾರ್ಷಿಕ ಸಭೆ ಹತ್ತಿರ ಬರುತ್ತಿತ್ತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಮೇಡಂ ಗೋಡೆಗೆ ಅಂಟಿಸಲೆಂದು ಒಂದು ಹಾಳೆಯ ಮೇಲೆ ಮಾತ್ರೆಗಳ ಹೆಸರು ಬರೆಯುತ್ತ ಕೂತಿದ್ದರು, ಯಾವ ಹೆಸರೂ ಯಾವ ಹೆಸರೂ ಒಂದೇ ಎಂದು. ಬರೆಯುತ್ತ ಬಾಯಲ್ಲಿ ಹೇಳಿಕೊಳ್ಳುತ್ತಿದ್ದರು: “ಕಾರ್ಡಿರಾಮನೇ ಟೆನ್ಸಿಹರ, ಟೆನ್ಸಿಹರನೇ ಪ್ರೆಸ್ಸೋಶಾಂತ…” ನನ್ನ ಕರಣೆ ನಿಂತಿತು. ಆ ಹೆಸರುಗಳು ಒಂದರ ಹೆಗಲ ಮೇಲೆ ಒಂದು ಕೈಯಿಟ್ಟುಕೊಂಡು ಸಾಲಾಗಿ ನಡೆಯುತ್ತಿದ್ದವು. ನಡುವೆ ಮಾತಾಡಬಾರದು ಎಂದು ಗೊತ್ತಿದ್ದೂ ನಾನು ಬಾಯಿ ತೆರೆದೆ.

“ಮೇಡಂ, ಇದನ್ನ ಗೋಡೆಗೆ ಅಂಟಿಸಿದ್ರೆ ಯಾರೂ ಓದಲ್ಲ. ವಾಚನ ಮಾಡಿ.”

“ವಾಚನಾನಾ?”

“ಸಂತೆ ದಿನ ಜನ ಬರ್ತಾರೆ. ನೀವು ಕೆಳಗೆ ಕೂತು ಹೆಸರು ಓದಿ, ಅವರು ಮೆಟ್ಟಿಲ ಮೇಲೆ ಕೂತು ಕೇಳ್ಲಿ. ಮುಗಿದ ಮೇಲೆ ಮಂಗಳಾರತಿ ತಟ್ಟೆ ಹೊರಡಿಸೋದು. ವಾಚನಕ್ಕೆ ಯಾರೂ ಫೀಸು ಇಡಲ್ಲ ಮೇಡಂ. ಆದ್ರೆ ತಟ್ಟೆ ಮುಂದೆ ಬಂದಾಗ ಸೊಂಟದ ಚೀಲಕ್ಕೆ ಕೈ ಹಾಕದೆ ಇದ್ದವರನ್ನ ನಾನು ನೋಡಿಲ್ಲ.”

“ಮಾತ್ರೆಗೆ ಮಂಗಳಾರತಿ ಎತ್ತೋದಾ ಓಬಳಯ್ಯ?” ಮೇಡಂ ಬಹಳ ದಿನಗಳ ಮೇಲೆ ನಕ್ಕರು.

“ಆರತಿ ದೇವರಿಗೆ ಮೇಡಂ. ತಟ್ಟೆ ನಿಮಗೆ.”

ಮೊದಲ ವಾಚನಕ್ಕೆ ಜನ ತಮಾಷೆ ನೋಡಲು ಬಂದರು. ಸೊಪ್ಪಿನ ಬುಟ್ಟಿ, ಕೋಳಿ, ಚೀಲ ಎಲ್ಲವನ್ನೂ ಪಕ್ಕದಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ನೆಲ ಇಳಿದದ್ದೂ ಒಂದು ಅನುಕೂಲವೇ ಆಗಿತ್ತು. ಹಿಂದೆ ಕೂತವರಿಗೂ ಮೇಡಂ ಮುಖ ಕಾಣುತ್ತಿತ್ತು. ಮೇಡಂಗೆ ರಾಗ ಬರುತ್ತಿರಲಿಲ್ಲ. ಮೊದಮೊದಲು ಮಗ್ಗಿ ಒಪ್ಪಿಸುವವರ ಹಾಗೆ ಓದಿದರು. ಆದರೆ ಹೆಸರುಗಳಿಗೆ ತಮ್ಮದೇ ಒಂದು ನಡಿಗೆ ಇತ್ತಲ್ಲ, ಅದು ನಾಲಿಗೆಯನ್ನು ಎಳೆದುಕೊಂಡು ಹೋಯಿತು. ಒಂದು ಗುಂಪಿನ ಹೆಸರುಗಳು ಮುಗಿದಾಗಲೆಲ್ಲ ತಲೆಯೆತ್ತಿ, “ಒಂದು ಸಾಕು, ಉಳಿದದ್ದು ಬೇಡ” ಎನ್ನುತ್ತಿದ್ದರು. ಮೂರನೆಯ ಗುಂಪಿಗೆ ಬರುವಷ್ಟರಲ್ಲಿ ಜನವೂ ಅವರ ಜೊತೆ ಆ ಸಾಲು ಹೇಳತೊಡಗಿತ್ತು. ಕೊನೆಯಲ್ಲಿ ಪುಟ್ಟಗೌರಮ್ಮಜ್ಜಿ ಎದ್ದು ನಿಂತು, ನಿಧಾನವಾಗಿ ಎಲ್ಲರಿಗೂ ಕೇಳುವಂತೆ ಹೇಳಿದಳು:

“ಅಲ್ರೋ, ಎಲ್ಲಾ ಹೆಸರನ್ನೂ ಮೇಡಮ್ಮನೋರು ಬಾಯ್ತುಂಬ ಹೇಳಿದ್ದಾಯ್ತು. ಯಾವ ಹೆಸರಿಗೂ ಅಪಚಾರ ಆಗ್ಲಿಲ್ಲ. ಇನ್ನು ಎಲ್ಲಾನೂ ನುಂಗೋದು ಯಾಕೆ?”

ಮೇಡಂ ಅಷ್ಟು ದಿನ ಕೈ ಹಿಡಿದು ಹೇಳಿದರೂ ಇಳಿಯದ ಮಾತು ಇಡೀ ಊರಿಗೆ ಆ ಕ್ಷಣ ಇಳಿಯಿತು. ಹೆಸರಿಗೆ ಸಲ್ಲಬೇಕಾದದ್ದು ಸಂದಿತ್ತು. ನಾನು ಕರ್ಪೂರ ಹಚ್ಚಿ ತಟ್ಟೆ ಹಿಡಿದುಕೊಂಡು ಮೆಟ್ಟಿಲು ಮೆಟ್ಟಿಲಿಗೆ ಹೋದೆ. ಅಜ್ಜಿ ಸೆರಗಿನ ಗಂಟು ಬಿಚ್ಚಿ ತಟ್ಟೆಗೆ ಹಾಕಿ, “ಇದು ಫೀಸಲ್ಲ, ಹೇಳಿಬಿಟ್ಟಿದೀನಿ” ಎಂದು ನನ್ನನ್ನು ಗದರಿಸಿದಳು. ಪೆಟ್ಟಿಗೆಯನ್ನು ಕಂಡು ಚಪ್ಪಲಿಯ ನೆಪ ಹೇಳಿದ್ದವರೂ ಹಾಕಿದರು. ಕಾಲಿನ ಕೆಳಗೆ ನೆಲ ಮೆಲ್ಲನೆ ಕದಲಿದ್ದು ನನಗೆ ಗೊತ್ತಾಯಿತು. ಈ ಸಲ ಜಿಗಿಯಲಿಲ್ಲ, ಹಿಟ್ಟು ಉಬ್ಬುವ ಹಾಗೆ ಎದ್ದಿತು.

ಸಂತೆಯಿಂದ ಸಂತೆಗೆ ಅದು ಏರಿತು. ವಾಚನ ಕೇಳಿದವರು ಉಳಿದ ದಿನಗಳಲ್ಲಿ ತಮ್ಮ ತಮ್ಮ ಚೀಲ ತಂದು ಒಬ್ಬೊಬ್ಬರೇ ಕೂತು ಮಾತಾಡಿ ಹೋದರು. ನೆಲ ಏರಿದಂತೆ ಕೂರುವ ಮೆಟ್ಟಿಲು ಕಡಿಮೆಯಾದವು. ಜನ ಚಾಪೆ ತಂದರು. ಅತ್ತ ತ್ರಿಯಂಬಕ ಡಾಕ್ಟರ ಕೋಣೆ ಇಳಿಯತೊಡಗಿತು. ಹತ್ತುವ ಮೆಟ್ಟಿಲು ಕಡಿಮೆಯಾದದ್ದರಿಂದ ರೋಗಿಗಳ ಎದೆ ಸುಮ್ಮನೆ ತನ್ನ ಪಾಡಿಗೆ ಬಡಿದುಕೊಳ್ಳುತ್ತಿತ್ತು. ಡಾಕ್ಟರು ಕೊಳವೆ ಇಟ್ಟು ಕೇಳಿ, ಏನೂ ಸಿಗದೆ, ಕೊಳವೆಯೇ ಕೆಟ್ಟಿದೆಯೇನೋ ಎಂದು ಊದಿ ನೋಡುತ್ತಿದ್ದರು. ಬಿಚ್ಚಿಟ್ಟಿದ್ದ ಫ್ಯಾನನ್ನು ಮತ್ತೆ ಹಾಕಿಸಲು ಜಾಗವಾಗಿತ್ತು, ಆದರೆ ಯಾರಿಗೂ ಅದನ್ನು ಅವರಿಗೆ ಹೇಳುವ ಧೈರ್ಯವಿರಲಿಲ್ಲ.

ವಾರ್ಷಿಕ ಸಭೆಯ ದಿನ ಬೆಳಿಗ್ಗೆ ನಾನು ಹೊಸ್ತಿಲಲ್ಲಿ ಮಟ್ಟಗೋಲು ಇಟ್ಟು ನೋಡಿದೆ. ಗಾಳಿಗುಳ್ಳೆ ನಡುಮಧ್ಯದಲ್ಲಿ ನಿಂತಿತ್ತು. ಜಗಲಿಯೂ ಕೋಣೆಯೂ ಒಂದೇ ಆಗಿದ್ದವು. ಅಧ್ಯಕ್ಷರು, ಸಲಹೆಗಾರರು, ಡಾಕ್ಟರು ಮೂವರೂ ಬಂದರು. ಇಳಿಯುವ ಕಷ್ಟವಿಲ್ಲದ್ದರಿಂದ ಈ ಸಲ ಒಳಗೇ ಬಂದು ಕುರ್ಚಿಯಲ್ಲಿ ಕೂತರು. ಅಭಿನಂದನ್ ಅವರು ನೆಲದ ಫೋಟೊ ತೆಗೆದುಕೊಂಡು, ಇದೆಲ್ಲ ತಾವು ಮೊದಲೇ ಹೇಳಿದ್ದ ಮಾದರಿ ಎಂದರು. ಹೊರಗೆ ಸಂತೆಯ ಜನ ಚಾಪೆ ಹಾಸಿಕೊಂಡು ಕಾಯುತ್ತಿದ್ದರು.

“ಮುಚ್ಚೋ ಮಾತು ಇನ್ನಿಲ್ಲ ಮೇಡಂ” ಎಂದರು ಗುರುಮಲ್ಲಪ್ಪನವರು. “ನೆಲಕ್ಕೆ ಗ್ರಾನೈಟ್ ಹಾಕಿಸ್ತೀನಿ. ಬಾಗಿಲ ಮೇಲೆ ನಿಮ್ಮ ಹೆಸರು ಕಲ್ಲಲ್ಲಿ ಕೆತ್ತಿಸ್ತೀನಿ. ಕೆಳಗೆ ಚಿಕ್ಕದಾಗಿ ನನ್ನದೂ ಇರಲಿ. ಒಂದೇ ಒಂದು ಕೋರಿಕೆ.”

“ಹೇಳಿ ಸರ್.”

“ಆರತಿ ಇರಲಿ, ತಟ್ಟೆ ಇರಲಿ. ಹೆಸರುಗಳಂತೂ ಕೇಳೋದಕ್ಕೆ ಬಹಳ ಇಂಪು. ಇನ್ನೂ ನಾಲ್ಕು ಹೆಸರು ಸೇರಿಸಿ ಓದಿ, ಬೇಡ ಅನ್ನಲ್ಲ. ಪ್ರತಿ ಗುಂಪಾದ ಮೇಲೂ ಆ ಒಂದು ಸಾಲು ಹೇಳ್ತೀರಲ್ಲ, ಒಂದು ಸಾಕು ಅಂತ, ಅದನ್ನ ಮಾತ್ರ ಬಿಟ್ಬಿಡಿ. ಕೌಂಟರ್ ನೋಡಿ, ಹೇಗೆ ಇಳಿದಿದೆ.”

“ನನ್ನ ಕೋಣೇನೂ” ಎಂದರು ತ್ರಿಯಂಬಕ ಡಾಕ್ಟರು ಮೆಲ್ಲನೆ.

“ಒಂದೇ ಸಾಲು ಮೇಡಂ” ಎಂದರು ಸಲಹೆಗಾರರು. “ಜನ ಗಮನಿಸೋದೂ ಇಲ್ಲ.”

ಮೇಡಂ ಮೇಜಿನ ಮೇಲಿದ್ದ ನೀರು ಕುಡಿದು, ಸೆರಗು ಸರಿಮಾಡಿಕೊಂಡು, ಹೊರಗೆ ಕೂತವರ ಕಡೆ ಹೊರಟು ನಿಂತರು.

“ಆಗೋದಿಲ್ಲ ಸರ್” ಎಂದರು.